ಆಡುತ್ತ ಕಲಿತ ಗ್ರಂಥಪಾಲಕರು

2006ರ ಆಗಸ್ಟ್ ತಿಂಗಳು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಶಾಖೆಗಳು. 500ಕ್ಕೂ ಹೆಚ್ಚು ನೌಕರರು. ಆ ತಿಂಗಳು ಅವರೆಲ್ಲರ ಮುಂದೆ ಒಂದು ಪಟ್ಟಿ ಬಂತು. ಪಟ್ಟಿಯಲ್ಲಿ 23 ಕೆಲಸಗಳಿದ್ದವು. ನಿಮ್ಮದೇ ಒಂದು ಬ್ಲಾಗ್ ತೆರೆಯಿರಿ ಎಂದಿತ್ತು ಒಂದು ಕಡೆ. ಒಂದು ಫೋಟೊ ತೆಗೆದು ಅಂತರಜಾಲಕ್ಕೆ ಏರಿಸಿ ಎಂದಿತ್ತು ಇನ್ನೊಂದು ಕಡೆ. ಯೂಟ್ಯೂಬಿನಲ್ಲಿ ಸುತ್ತಾಡಿ, ನಿಮಗೆ ಹಿಡಿಸಿದ ಒಂದು ವಿಡಿಯೊ ಆರಿಸಿ. ನಿಮ್ಮ ಮನೆಯ ಪುಸ್ತಕಗಳಲ್ಲಿ ಕೆಲವನ್ನು ಜಾಲತಾಣದಲ್ಲಿ ಪಟ್ಟಿ ಮಾಡಿ. ಹೀಗೆ ಒಟ್ಟು 23. ಮುಗಿಸಲು ಒಂಬತ್ತು ವಾರ ಅವಕಾಶ.

ಆ ನೌಕರರ ಪಾಡನ್ನು ಸ್ವಲ್ಪ ಊಹಿಸಿಕೊಳ್ಳಿ. ಪುಸ್ತಕ ಕೊಡುವುದು ಅವರಿಗೆ ಗೊತ್ತು. ತೆಗೆದುಕೊಳ್ಳುವುದು ಗೊತ್ತು. ಸೂಚಿ ಬರೆಯುವುದು, ತಡವಾಗಿ ತಂದವರಿಗೆ ದಂಡ ಹಾಕುವುದು, ಕೇಳಿದ ಪ್ರಶ್ನೆಗೆ ಪರಾಮರ್ಶನ ಗ್ರಂಥದಲ್ಲಿ ಉತ್ತರ ಹುಡುಕುವುದು, ಎಲ್ಲವೂ ಗೊತ್ತು. ಆದರೆ ಬ್ಲಾಗ್? ಅವರಲ್ಲಿ ಬಹಳ ಮಂದಿ ಅದುವರೆಗೆ ಒಂದು ಬ್ಲಾಗನ್ನೂ ಬರೆದವರಲ್ಲ. ಅದೇ ಹೊತ್ತಿಗೆ ಹೊರಗೆ ಲೋಕ ಓಡುತ್ತಿತ್ತು. ಯೂಟ್ಯೂಬ್ ಹುಟ್ಟಿ ಒಂದೇ ವರ್ಷ ಆಗಿತ್ತು. ಫೇಸ್‌ಬುಕ್ ಎಲ್ಲರಿಗೂ ಬಾಗಿಲು ತೆರೆದದ್ದು ಅದರ ಮುಂದಿನ ತಿಂಗಳು. ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕುಳಿತ ಓದುಗ ಇವುಗಳ ಬಗ್ಗೆ ಯಾರನ್ನು ಕೇಳಬೇಕು? ಹತ್ತಿರದಲ್ಲಿ ಇದ್ದವರು ಗ್ರಂಥಪಾಲಕರು. ಅವರನ್ನೇ ಕೇಳುತ್ತಿದ್ದ.

ಆ ಗ್ರಂಥಪಾಲಕರು ಹೊಸ ವಿದ್ಯೆಯನ್ನು ಹೇಗೆ ಕಲಿತರು ಎಂಬುದು ಇವತ್ತಿನ ನನ್ನ ಮಾತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಕಲಿತದ್ದು ಆಡಿದ್ದರಿಂದ. ಆಡುವುದಕ್ಕೆ ಅವರಿಗೆ ಸಂಸ್ಥೆ ಅನುಮತಿ ಕೊಟ್ಟಿತು, ಸಮಯ ಕೊಟ್ಟಿತು. ಎಡವಿದರೆ ಯಾರೂ ಗದರಲಿಲ್ಲ.

ಈ ಪಟ್ಟಿಯ ಹಿಂದೆ ಇದ್ದವರು ಹೆಲೆನ್ ಬ್ಲೋವರ್ಸ್. ಆ ಗ್ರಂಥಾಲಯದ ತಂತ್ರಜ್ಞಾನ ವಿಭಾಗದ ಮುಖ್ಯಸ್ಥೆ. ಅದೇ ವರ್ಷದ ಆರಂಭದಲ್ಲಿ ಸ್ಟೀಫನ್ ಏಬ್ರಮ್ ಎಂಬ ಗ್ರಂಥಾಲಯ ತಜ್ಞರು ಒಂದು ಲೇಖನ ಬರೆದಿದ್ದರು. ಈ ವರ್ಷ ಗ್ರಂಥಪಾಲಕರು ಮಾಡಿ ನೋಡಬಹುದಾದ 43 ಸಂಗತಿಗಳ ಪಟ್ಟಿ ಅದು. ಬ್ಲೋವರ್ಸ್ ಆ ಕಲ್ಪನೆಯನ್ನು ಹಿಡಿದು 23ಕ್ಕೆ ಇಳಿಸಿದರು. ವಾರಕ್ಕೆ ಎರಡು ಮೂರು ಕೆಲಸ. ಒಂದೊಂದಕ್ಕೂ ಸಣ್ಣ ವಿವರಣೆ, ಓದಲು ಒಂದೆರಡು ಕೊಂಡಿ, ಕೊನೆಗೆ ಮಾಡಬೇಕಾದ ಒಂದು ಕೆಲಸ. ಅಷ್ಟೇ.

ಪಾಠ ಮಾಡುವ ಮೇಷ್ಟ್ರು ಇರಲಿಲ್ಲ. ತರಗತಿ ಇರಲಿಲ್ಲ. ಪರೀಕ್ಷೆಯೂ ಇರಲಿಲ್ಲ. ಗೊತ್ತಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ. ಕಾರ್ಯಕ್ರಮ ನಿಂತದ್ದೇ ಈ ನಂಬಿಕೆಯ ಮೇಲೆ. ಸಾಮಾನ್ಯವಾಗಿ ಕಚೇರಿಗಳಲ್ಲಿ ತರಬೇತಿ ಎಂದರೆ ಏನು? ಒಂದು ಹಾಲ್, ಸಾಲು ಕುರ್ಚಿ, ಪರದೆ, ನಡುವೆ ಒಂದು ಚಹಾ, ಸಂಜೆ ಒಂದು ಪ್ರಮಾಣಪತ್ರ. ಮರುದಿನ ಕೆಲಸಕ್ಕೆ ಕೂತಾಗ ಕೇಳಿದ್ದರಲ್ಲಿ ಅರ್ಧ ಮರೆತಿರುತ್ತದೆ. ಷಾರ್ಲಟ್‌ನಲ್ಲಿ ಈ ದಾರಿಯನ್ನೇ ಬಿಟ್ಟರು.

ಪಟ್ಟಿಯ ಎರಡನೆಯ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದರಲ್ಲಿ ಕಂಪ್ಯೂಟರ್ ವಿದ್ಯೆ ಏನೂ ಇರಲಿಲ್ಲ. ಜೀವನವಿಡೀ ಕಲಿಯುವವರಿಗೆ ಇರಬೇಕಾದ ಏಳೂವರೆ ಅಭ್ಯಾಸಗಳು ಎಂಬ ಒಂದು ಪಾಠ ಇತ್ತು. ಹೌದು, ಏಳೂವರೆ. ಗುರಿ ಇಟ್ಟುಕೊಂಡು ಹೊರಡುವುದು ಒಂದು. ನನ್ನ ಕಲಿಕೆಗೆ ನಾನೇ ಹೊಣೆ ಎಂದು ಒಪ್ಪಿಕೊಳ್ಳುವುದು ಇನ್ನೊಂದು. ತೊಡಕನ್ನು ಸವಾಲಾಗಿ ನೋಡುವುದು, ತನ್ನ ಮೇಲೆ ತನಗೆ ಭರವಸೆ ಇರುವುದು, ಇನ್ನೊಬ್ಬರಿಗೆ ಹೇಳಿಕೊಡುವುದು, ಹೀಗೆ ಏಳು. ಉಳಿದ ಅರ್ಧ ಅಭ್ಯಾಸ ಯಾವುದು ಗೊತ್ತೆ? ಆಟ. ಆಡುವುದು. ಈ ಏಳೂವರೆಯಲ್ಲಿ ನಿಮಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ನೌಕರರನ್ನು ಕೇಳಿದ್ದರು. ಉತ್ತರವನ್ನು ಅವರವರ ಬ್ಲಾಗಿನಲ್ಲಿ ಬರೆಯಬೇಕಿತ್ತು.

ಮೂರನೆಯ ಕೆಲಸವೇ ಬ್ಲಾಗ್ ತೆರೆಯುವುದು. ಇಲ್ಲಿ ಒಂದು ಒಳ್ಳೆಯ ಏರ್ಪಾಡು ಮಾಡಿದ್ದರು. ನಿಮ್ಮ ನಿಜವಾದ ಹೆಸರು ಹಾಕಬೇಕಾಗಿಲ್ಲ. ಬೇಕಾದ ಅಡ್ಡಹೆಸರು ಇಟ್ಟುಕೊಳ್ಳಬಹುದು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹೊಸದನ್ನು ಕಲಿಯುವಾಗ ನಮ್ಮನ್ನು ತಡೆಯುವುದು ಯಾವುದು, ಯೋಚಿಸಿ. ವಿಷಯ ಕಠಿಣವಾಗಿದೆ ಎಂಬುದಕ್ಕಿಂತ ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತೇವೆ ಎಂಬ ಅಂಜಿಕೆ. ಇಪ್ಪತ್ತೈದು ವರ್ಷ ಸರ್ವೀಸು ಮಾಡಿದ ಹಿರಿಯ ಗ್ರಂಥಪಾಲಕಿಗೆ ನೆನ್ನೆ ಮೊನ್ನೆ ಸೇರಿದ ಹುಡುಗನ ಮುಂದೆ ‘ಇದು ನನಗೆ ಬರುವುದಿಲ್ಲ’ ಎನ್ನುವುದು ಸುಲಭವಲ್ಲ. ಅಡ್ಡಹೆಸರಿನ ಮರೆಯಲ್ಲಿ ಆ ಅಂಜಿಕೆ ಕರಗುತ್ತದೆ. ಅಕ್ಷರ ತಪ್ಪಿದರೂ ಸರಿ, ಫೋಟೊ ಅಡ್ಡಡ್ಡ ಕೂತರೂ ಸರಿ. ಬರೆದವರು ಯಾರು ಎಂದು ಗೊತ್ತಾಗುವುದಿಲ್ಲ. ಬರೆಯುತ್ತ ಬರೆಯುತ್ತ ಕೈ ಕುದುರುತ್ತದೆ.

ಬಹುಮಾನವೂ ಇತ್ತು. 23ನ್ನೂ ಮುಗಿಸಿದ ಪ್ರತಿಯೊಬ್ಬರಿಗೂ ಒಂದು ಎಂಪಿ3 ಪ್ಲೇಯರ್. ಜೇಬಿನಲ್ಲಿ ಇಟ್ಟುಕೊಂಡು ಹಾಡು, ಮಾತು ಕೇಳುವ ಸಣ್ಣ ಯಂತ್ರ. ಪಟ್ಟಿಯಲ್ಲಿ ಪಾಡ್‌ಕಾಸ್ಟ್ ಕೇಳುವ ಕೆಲಸ ಇತ್ತು, ಆಡಿಯೊ ಪುಸ್ತಕ ಹುಡುಕುವ ಕೆಲಸ ಇತ್ತು. ಹಾಗಾಗಿ ಬಹುಮಾನವೂ ಒಂದು ಪಾಠದ ಸಲಕರಣೆಯೇ ಆಯಿತು. ಮುಗಿಸಿದವರ ಹೆಸರುಗಳಲ್ಲಿ ಚೀಟಿ ಎತ್ತಿ ಒಬ್ಬರಿಗೆ ಲ್ಯಾಪ್‌ಟಾಪ್ ಕೊಡುವುದಾಗಿಯೂ ಹೇಳಿದ್ದರು.

ಫಲ ಏನಾಯಿತು? ಸುಮಾರು 350 ನೌಕರರು ತೊಡಗಿಕೊಂಡರು. 200ಕ್ಕೂ ಹೆಚ್ಚು ಮಂದಿ ಎಲ್ಲ 23ನ್ನೂ ಮುಗಿಸಿದರು. ಕಡ್ಡಾಯ ಅಲ್ಲದ ಒಂದು ಕಾರ್ಯಕ್ರಮಕ್ಕೆ ಇದು ದೊಡ್ಡ ಸಂಖ್ಯೆ. ಬ್ಲೋವರ್ಸ್ ಇಡೀ ಪಾಠಮಾಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅಂದರೆ ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಮೆಲ್ಬರ್ನ್ ಬಳಿಯ ಯಾರಾ ಪ್ಲೆಂಟಿ ಪ್ರಾದೇಶಿಕ ಗ್ರಂಥಾಲಯ ಬೇಗನೆ ಕೈಗೆತ್ತಿಕೊಂಡಿತು. ನೆದರ್ಲೆಂಡ್ಸಿನಲ್ಲಿ ಡಚ್ ಭಾಷೆಯಲ್ಲಿ ಬಂತು. 2010ರಲ್ಲಿ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಗ್ರಂಥಪಾಲಕರೂ ತಮ್ಮದೇ 23 ಕೆಲಸಗಳ ಪಟ್ಟಿ ಮಾಡಿಕೊಂಡು ಕೂತರು. ಲೋಕದ ನೂರಾರು ಗ್ರಂಥಾಲಯಗಳಿಗೆ ಇದು ಹರಡಿತು.

ಕೇಳುಗರೇ, ಇಷ್ಟು ಹೊತ್ತು ಒಂದು ನಗರದ ಗ್ರಂಥಪಾಲಕರು ಮೇಷ್ಟ್ರಿಲ್ಲದೆ, ಅಡ್ಡಹೆಸರಿನಲ್ಲಿ, ಆಡುತ್ತ ಕಲಿತದ್ದನ್ನು ನೋಡಿದೆವು. ಈಗ ಒಂದು ನ್ಯಾಯವಾದ ಪ್ರಶ್ನೆ. ಅವರು ಕಲಿತ ಆ ಉಪಕರಣಗಳು ಈಗ ಎಲ್ಲಿವೆ?

ಬಹುಪಾಲು ಇಲ್ಲ. ಸುದ್ದಿಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಬ್ಲಾಗ್‌ಲೈನ್ಸ್ ಅವರ ಪಟ್ಟಿಯಲ್ಲಿತ್ತು. ಅದು ಹೋಯಿತು. ಅದೇ ಕೆಲಸ ಮಾಡುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಜಾಲತಾಣಗಳ ಗುರುತು ಇಟ್ಟುಕೊಳ್ಳಲು ಡೆಲಿಷಿಯಸ್ ಎಂಬುದಿತ್ತು. ಅದೂ ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ನಿಂತಿತು. ರೋಲಿಯೊ ಎಂಬ ಹುಡುಕುಯಂತ್ರದ ಹೆಸರು ಈಗ ಯಾರಿಗೂ ನೆನಪಿಲ್ಲ. ಉಳಿದವೂ ಇವೆ. ಮನೆಯ ಪುಸ್ತಕಗಳನ್ನು ಪಟ್ಟಿ ಮಾಡುವ ಲೈಬ್ರರಿಥಿಂಗ್ ಇದೆ. ಫ್ಲಿಕರ್ ಇದೆ. ಯೂಟ್ಯೂಬ್ ಎಲ್ಲಿದೆ ಎಂದು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಒಂಬತ್ತು ವಾರದ ಶ್ರಮ ನೀರುಪಾಲಾಯಿತೆ? ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಜಾಲತಾಣಕ್ಕೆ ಹೋಗುವುದು, ಖಾತೆ ತೆರೆಯುವುದು, ಎಲ್ಲಿ ಏನಿದೆ ಎಂದು ತಡಕಾಡುವುದು, ತಪ್ಪಾದರೆ ಹಿಂದಕ್ಕೆ ಬರುವುದು, ನನ್ನ ಓದುಗರಿಗೆ ಇದರಿಂದ ಏನು ಉಪಯೋಗ ಎಂದು ಕೇಳಿಕೊಳ್ಳುವುದು. ಇಷ್ಟನ್ನು 23 ಸಲ ಮಾಡಿದವರಿಗೆ ಇಪ್ಪತ್ತನಾಲ್ಕನೆಯದು ಎದುರಾದಾಗ ಕೈ ನಡುಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮೈಕಲ್ ಸ್ಟೀಫನ್ಸ್ ಮತ್ತು ವಾರೆನ್ ಚೀತಮ್ ಎಂಬಿಬ್ಬರು ಈ ಕಾರ್ಯಕ್ರಮ ಮುಗಿಸಿದ ಗ್ರಂಥಾಲಯ ನೌಕರರನ್ನು ವಿಚಾರಿಸಿ ಅಧ್ಯಯನ ಮಾಡಿದರು. ಅವರಿಗೆ ಮುಖ್ಯವಾಗಿ ಕಂಡದ್ದು ನೌಕರರಲ್ಲಿ ಬೆಳೆದ ಆತ್ಮವಿಶ್ವಾಸ. ಬಹಳ ಬ್ಲಾಗುಗಳು ಆಮೇಲೆ ಪಾಳುಬಿದ್ದವು, ನಿಜ. ಬರೆದ ಕೈಗೆ ಬಂದ ಧೈರ್ಯ ಉಳಿಯಿತು.

ಉಪಕರಣ ಹೋದರೂ ಕಲಿತ ಧೈರ್ಯ ಉಳಿಯುತ್ತದೆ ಎನ್ನುವಲ್ಲಿಗೆ ಬಂದೆವು. ಇದುವರೆಗೆ ‘ಆಟ’ ಎಂಬ ಮಾತನ್ನು ನಾನು ಕಲಿಯುವ ರೀತಿಗೆ ಬಳಸಿದೆ. ಈಗ ನಿಜವಾದ ಆಟಕ್ಕೆ ಬರುತ್ತೇನೆ. ವಿಡಿಯೊ ಆಟ. ಗ್ರಂಥಾಲಯದ ಒಳಗೆ.

ಮಿಷಿಗನ್ ರಾಜ್ಯದ ಆನ್ ಆರ್ಬರ್ ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯ 2004ರಲ್ಲಿ ಹದಿಹರೆಯದವರಿಗಾಗಿ ವಿಡಿಯೊ ಆಟದ ಪಂದ್ಯಾವಳಿ ಶುರುಮಾಡಿತು. ಎಲೈ ನೈಬರ್ಗರ್ ಎಂಬ ಗ್ರಂಥಾಲಯದ ತಂತ್ರಜ್ಞರು ಇದರ ಮುಂದಾಳು. ಆಟ ಮಾರಿಯೊ ಕಾರ್ಟ್. ಪರದೆಯ ಮೇಲೆ ಪುಟ್ಟ ಬಣ್ಣದ ಕಾರುಗಳು ಓಡುತ್ತವೆ. ಆಟಗಾರರ ಕೈಯಲ್ಲಿ ಗುಂಡಿಗಳಿರುವ ಒಂದೊಂದು ಸಾಧನ. ದಾರಿಯಲ್ಲಿ ಬಾಳೆಸಿಪ್ಪೆ ಎಸೆದು ಹಿಂದಿನವನನ್ನು ಜಾರಿಸಬಹುದು. ಸಭಾಂಗಣದ ತುಂಬ ಹುಡುಗರ ಕೂಗು, ಚಪ್ಪಾಳೆ. ಗ್ರಂಥಾಲಯದಲ್ಲಿ!

ಇನ್ನೊಂದು ಆಟ ಆಗ ಬಹಳ ಜನಪ್ರಿಯವಾಗಿತ್ತು. ಡಾನ್ಸ್ ಡಾನ್ಸ್ ರೆವಲ್ಯೂಷನ್. ರೇಡಿಯೊದಲ್ಲಿ ತೋರಿಸಲಾರೆ, ಹೇಳುತ್ತೇನೆ. ನೆಲದ ಮೇಲೆ ಒಂದು ಚಾಪೆ. ಚಾಪೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣದ ಗುರುತು. ಎದುರಿನ ಪರದೆಯಲ್ಲಿ ಹಾಡಿನ ತಾಳಕ್ಕೆ ಬಾಣಗಳು ಮೇಲೇರುತ್ತವೆ. ಯಾವ ಬಾಣ ಬಂತೋ ಚಾಪೆಯ ಮೇಲೆ ಅದೇ ಬಾಣವನ್ನು ಕಾಲಿನಿಂದ ತುಳಿಯಬೇಕು. ನಮ್ಮ ಕುಂಟೆಬಿಲ್ಲೆಗೆ ಹಾಡು, ಯಂತ್ರ ಎರಡೂ ಸೇರಿದ ಹಾಗೆ. ಮನೆಯಿಂದ ಹೊರಗೆ ಬಾರದ, ಪುಸ್ತಕ ಮುಟ್ಟದ ಎಷ್ಟೋ ಮಕ್ಕಳು ಈ ಆಟಕ್ಕಾಗಿ ಗ್ರಂಥಾಲಯದ ಮೆಟ್ಟಿಲು ಹತ್ತಿದರು.

ಆಕ್ಷೇಪ ಬಂತು. ಬರಲೇಬೇಕು. ಜನರ ತೆರಿಗೆ ಹಣದಲ್ಲಿ ಆಟವೆ ಎಂದು ಕೇಳಿದರು. ಓದುವ ಜಾಗದಲ್ಲಿ ಗಲಾಟೆಯೆ ಎಂದರು. ಈ ಪ್ರಶ್ನೆಗಳನ್ನು ತಳ್ಳಿಹಾಕಬಾರದು. ಮೌನವಾಗಿ ಕೂತು ಓದುವ ಜಾಗ ಸಿಗುವುದು ಈ ಕಾಲದಲ್ಲಿ ದುರ್ಲಭ. ಬಡವರ ಮಕ್ಕಳಿಗಂತೂ ಇನ್ನೂ ದುರ್ಲಭ. ಅದನ್ನು ಕಿತ್ತುಕೊಂಡು ಆಟ ಕೊಡುವುದಾದರೆ ನಾನೂ ಬೇಡ ಎನ್ನುತ್ತೇನೆ. ಆನ್ ಆರ್ಬರ್‌ನಲ್ಲಿ ಹಾಗೆ ಮಾಡಲಿಲ್ಲ. ಪಂದ್ಯಕ್ಕೆ ಬೇರೆ ಸಭಾಂಗಣ, ಬೇರೆ ವೇಳೆ.

ಇತಿಹಾಸವನ್ನೂ ಸ್ವಲ್ಪ ನೋಡೋಣ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕಾದಂಬರಿ ಇಡಬೇಕೆ ಬೇಡವೆ ಎಂದು ದೊಡ್ಡ ಚರ್ಚೆ ನಡೆದಿತ್ತು. ಕಾದಂಬರಿ ಓದಿದರೆ ಯುವಕರು ಕೆಡುತ್ತಾರೆ ಎಂದು ಗ್ರಂಥಪಾಲಕರೇ ವಾದಿಸಿದ್ದರು. ಫಿಲಡೆಲ್ಫಿಯಾದ ಜರ್ಮನ್‌ಟೌನ್ ಭಾಗದ ಒಂದು ಗ್ರಂಥಾಲಯ ಕಾದಂಬರಿಯನ್ನು ಒಳಗೇ ಬಿಡುತ್ತಿರಲಿಲ್ಲ. ಆಟವೂ ಗ್ರಂಥಾಲಯಕ್ಕೆ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಗ್ರಂಥಾಲಯ 1854ರಲ್ಲಿ ಆರಂಭವಾಯಿತು. ಆ ದೇಶದಲ್ಲಿ ನಿಲ್ಲದೆ ನಡೆದುಬಂದ ಚದುರಂಗ ಕೂಟಗಳಲ್ಲಿ ಅಲ್ಲಿನದೇ ಅತ್ಯಂತ ಹಳೆಯದು. ಇವತ್ತಿಗೂ ಪುಸ್ತಕಗಳ ಪಕ್ಕದ ಕೋಣೆಯಲ್ಲಿ ಆನೆ, ಕುದುರೆ ನಡೆಯುತ್ತಿವೆ.

2008ರ ನವೆಂಬರ್‌ನಲ್ಲಿ ಅಮೆರಿಕದ ಗ್ರಂಥಾಲಯ ಸಂಘ ರಾಷ್ಟ್ರೀಯ ಆಟದ ದಿನವನ್ನೇ ಆಚರಿಸಿತು. 600ಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಒಂದೇ ದಿನ ಸುಮಾರು 14,000 ಜನ ಆಡಿದರು. ಹಲಗೆಯ ಆಟಗಳೂ ಇದ್ದವು, ವಿಡಿಯೊ ಆಟಗಳೂ ಇದ್ದವು.

ಈ ಆಟಗಳಿಂದ ಗ್ರಂಥಪಾಲಕರು ಏನು ಕಲಿತರು? ನನಗೆ ಮುಖ್ಯವೆನಿಸುವುದು ಇದೇ. ತಂತಿ ಜೋಡಿಸುವುದು, ಪರದೆ ಹೊಂದಿಸುವುದು, ಪಂದ್ಯದ ಪಟ್ಟಿ ಬರೆಯುವುದು ಕಲಿತರು. ಅದಕ್ಕಿಂತ ದೊಡ್ಡದು, ಹದಿನಾಲ್ಕು ವರ್ಷದ ಹುಡುಗನ ಹತ್ತಿರ ‘ಇದು ಹೇಗಪ್ಪಾ, ನನಗೂ ಸ್ವಲ್ಪ ತೋರಿಸು’ ಎಂದು ಕೇಳುವುದನ್ನು ಕಲಿತರು. ಆ ಹುಡುಗನಿಗೆ ಅದುವರೆಗೆ ದೊಡ್ಡವರು ಯಾರೂ ಏನನ್ನೂ ಕೇಳಿರಲಿಕ್ಕಿಲ್ಲ. ಅವನಿಗೆ ಗೊತ್ತಿರುವುದಕ್ಕೂ ಬೆಲೆ ಇದೆ ಎಂದು ತಿಳಿದ ಮೇಲೆ ಅವನು ಗ್ರಂಥಪಾಲಕರ ಮಾತನ್ನೂ ಕೇಳುತ್ತಾನೆ. ಆನ್ ಆರ್ಬರ್ ಗ್ರಂಥಾಲಯ ಪಂದ್ಯಗಳಿಗಾಗಿ ಒಂದು ಬ್ಲಾಗ್ ನಡೆಸಿತು. ಹುಡುಗರು ಅದರಲ್ಲಿ ನೂರಾರು ಪ್ರತಿಕ್ರಿಯೆ ಬರೆದರು. ಓದುವುದಿಲ್ಲ, ಬರೆಯುವುದಿಲ್ಲ ಎಂದು ಬೈಸಿಕೊಳ್ಳುವ ವಯಸ್ಸಿನವರು.

ಜೇಮ್ಸ್ ಪಾಲ್ ಜೀ ಎಂಬ ಭಾಷಾವಿಜ್ಞಾನಿ 2003ರಲ್ಲಿ ವಿಡಿಯೊ ಆಟಗಳು ಮತ್ತು ಕಲಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಳ್ಳೆಯ ಆಟದಲ್ಲಿ ಸೋಲಿಗೆ ದೊಡ್ಡ ದಂಡ ಇಲ್ಲ. ಸೋತರೆ ಮತ್ತೆ ಶುರುಮಾಡಬಹುದು. ಬೇಕಾದ ಮಾಹಿತಿ ಬೇಕಾದ ಹೊತ್ತಿಗೆ ಸಿಗುತ್ತದೆ, ಮೊದಲೇ ರಾಶಿ ಸುರಿಯುವುದಿಲ್ಲ. ಕಷ್ಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈಗ ಷಾರ್ಲಟ್‌ನ ಆ 23 ಕೆಲಸಗಳನ್ನು ನೆನಪಿಸಿಕೊಳ್ಳಿ. ಅಡ್ಡಹೆಸರು ಇತ್ತು, ಸೋಲಿಗೆ ಅವಮಾನ ಇರಲಿಲ್ಲ. ವಾರಕ್ಕೆ ಎರಡು ಮೂರೇ ಕೆಲಸ. ಕೊನೆಯಲ್ಲಿ ಬಹುಮಾನ. ಒಳ್ಳೆಯ ಆಟವನ್ನು ಕಟ್ಟುವ ರೀತಿಯಲ್ಲೇ ಆ ಪಾಠವನ್ನೂ ಕಟ್ಟಿದ್ದರು.

ಆಟಿಕೆಯಿಂದ ಗ್ರಂಥಾಲಯ ವಿಜ್ಞಾನ ಕಲಿತವರು ನಮ್ಮಲ್ಲೂ ಒಬ್ಬರಿದ್ದರು. ಎಸ್. ಆರ್. ರಂಗನಾಥನ್. ತಮಿಳುನಾಡಿನಲ್ಲಿ ಹುಟ್ಟಿ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1924ರಲ್ಲಿ ಅವರು ಓದಲು ಲಂಡನ್ನಿಗೆ ಹೋಗಿದ್ದರು. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಹಳೆಯ ಪದ್ಧತಿಗಳು ಅವರಿಗೆ ಸಾಲದಾಗಿ ಕಂಡಿದ್ದವು. ಅಲ್ಲಿನ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಒಂದು ಆಟಿಕೆ ಕಂಡರು. ಮೆಕ್ಯಾನೊ. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು ಬೋಲ್ಟುಗಳು. ಅವೇ ತುಂಡುಗಳನ್ನು ಹೀಗೆ ಜೋಡಿಸಿದರೆ ಬಂಡಿ, ಹಾಗೆ ಜೋಡಿಸಿದರೆ ಕ್ರೇನ್. ವಿಷಯಗಳನ್ನೂ ಹೀಗೆ ತುಂಡು ಮಾಡಿ ಬೇಕಾದಂತೆ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಲೋಕಪ್ರಸಿದ್ಧವಾದ ಅವರ ಕೋಲನ್ ವರ್ಗೀಕರಣಕ್ಕೆ ದಾರಿ ತೆರೆದದ್ದು ಮಕ್ಕಳ ಆ ಆಟಿಕೆ. 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗಲೂ ಇದೆ.

ಇಲ್ಲಿಯವರೆಗೆ ಗೆದ್ದವರ ಕಥೆ ಹೇಳಿದೆ. ಷಾರ್ಲಟ್ ಗೆದ್ದಿತು, ಆನ್ ಆರ್ಬರ್ ಗೆದ್ದಿತು. ಗೆಲ್ಲದ ಕಥೆಯನ್ನೂ ಹೇಳದಿದ್ದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ.

ಅದೇ 2006ರ ಸುಮಾರಿಗೆ ಸೆಕೆಂಡ್ ಲೈಫ್ ಎಂಬ ಒಂದು ಕಾಲ್ಪನಿಕ ಲೋಕ ಕಂಪ್ಯೂಟರಿನಲ್ಲಿ ಬಹಳ ಸದ್ದು ಮಾಡಿತ್ತು. ಅದರೊಳಗೆ ನಿಮಗೊಂದು ಬೊಂಬೆಯ ರೂಪ. ಆ ರೂಪದಲ್ಲಿ ನಡೆಯಬಹುದು, ಹಾರಬಹುದು, ಮನೆ ಕಟ್ಟಬಹುದು. ಇಲಿನಾಯ್ ರಾಜ್ಯದ ಗ್ರಂಥಪಾಲಕರು ಅಲ್ಲಿ ಒಂದು ದ್ವೀಪವನ್ನೇ ಮಾಡಿ ಗ್ರಂಥಾಲಯ ತೆರೆದರು. ಷಾರ್ಲಟ್‌ನವರು ಅವರ ಜೊತೆ ಸೇರಿ ಹದಿಹರೆಯದವರ ಲೋಕದಲ್ಲಿ ಇನ್ನೊಂದು ದ್ವೀಪ ಮಾಡಿದರು. ತುಂಬ ದುಡಿದರು. ಜನ ನಿರೀಕ್ಷಿಸಿದಷ್ಟು ಬರಲಿಲ್ಲ. ಹದಿಹರೆಯದವರ ಆ ಲೋಕವನ್ನು 2010ರ ಕೊನೆಗೆ ಕಂಪನಿಯೇ ಮುಚ್ಚಿತು. ಓದುಗ ಇರುವ ಕಡೆಗೆ ಹೋಗಬೇಕು ಎಂಬುದೇನೋ ಸರಿ. ಊರಿನ ಓದುಗರಲ್ಲಿ ಬಹುಪಾಲು ಜನ ಅಲ್ಲಿ ಇರಲೇ ಇಲ್ಲ.

ಇನ್ನೊಂದು ಕಥೆ ಇದಕ್ಕಿಂತ ನೋವಿನದು. 2010ರ ಆರ್ಥಿಕ ಮುಗ್ಗಟ್ಟಿನಲ್ಲಿ ಷಾರ್ಲಟ್ ಗ್ರಂಥಾಲಯದ ಅನುದಾನಕ್ಕೆ ದೊಡ್ಡ ಕತ್ತರಿ ಬಿತ್ತು. ಕೆಲವು ಶಾಖೆಗಳು ಮುಚ್ಚಿದವು. ಉಳಿದವುಗಳ ವೇಳೆ ಕಡಿಮೆಯಾಯಿತು. ನೂರಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಲೋಕಕ್ಕೆಲ್ಲ 23 ಪಾಠ ಕೊಟ್ಟ ಗ್ರಂಥಾಲಯ ಅದು. ಗ್ರಂಥಪಾಲಕರು ಎಷ್ಟೇ ಕಲಿತರೂ ಸಂಬಳ ಕೊಡುವವರು ಕೈಬಿಟ್ಟರೆ ಆ ಕಲಿಕೆ ಅವರ ಜೊತೆಗೇ ಮನೆಗೆ ಹೋಗುತ್ತದೆ. ಕಂಪ್ಯೂಟರ್ ಕೊಂಡರೆ ಉದ್ಘಾಟನೆ ಮಾಡಬಹುದು, ಫೋಟೊ ತೆಗೆಸಬಹುದು. ಗ್ರಂಥಪಾಲಕಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಟ್ಟದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಹಾಗಾಗಿ ಹಣ ಯಂತ್ರಕ್ಕೆ ಹೋಗುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಇದು ಒಂದು ದೇಶದ ಮಾತಲ್ಲ. ಹೇಳುವಾಗ ನನಗೆ ಸಂಕಟವಾಗುತ್ತದೆ.

ಆಡುವ ಅನುಮತಿ, ಎಡವುವ ಸ್ವಾತಂತ್ರ್ಯ, ಇವೆರಡರ ಬೆನ್ನಿಗೆ ಸಮಯ ಮತ್ತು ಸಂಬಳ. ಇವನ್ನು ನೋಡಿದೆವು. ಇನ್ನು ನಮ್ಮ ಊರಿಗೆ ಬರೋಣ.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಿಮಗೆ ಗೊತ್ತು. ಐದೂವರೆ ಸಾವಿರಕ್ಕೂ ಹೆಚ್ಚು ಇವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಈಗ ಇವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ. ಲಕ್ಷಗಟ್ಟಲೆ ಮಕ್ಕಳು ಸೇರಿದರು. ಹಲವು ಕೇಂದ್ರಗಳಲ್ಲಿ ಈಗ ಕಂಪ್ಯೂಟರ್ ಇದೆ, ಟಿ.ವಿ. ಇದೆ, ಚೆಸ್ ಮತ್ತು ಕೇರಂ ಹಲಗೆಗಳಿವೆ.

ಇವನ್ನು ನಡೆಸುವವರು ಗ್ರಂಥಾಲಯ ಮೇಲ್ವಿಚಾರಕರು. ಹೆಚ್ಚು ಕಡೆ ಒಬ್ಬರೇ. ದೀರ್ಘಕಾಲ ಗೌರವಧನದ ಮೇಲೆ ದುಡಿದವರು. ಬೆಳಿಗ್ಗೆ ಬೀಗ ತೆಗೆಯುವವರು ಅವರು, ಕಸ ಗುಡಿಸುವವರೂ ಎಷ್ಟೋ ಕಡೆ ಅವರೇ. ಪತ್ರಿಕೆ ಜೋಡಿಸಿ, ಪುಸ್ತಕದ ಲೆಕ್ಕ ಬರೆದು, ಮಧ್ಯೆ ‘ಅಕ್ಕಾ, ಈ ಫಾರಂ ಆನ್‌ಲೈನಿನಲ್ಲಿ ತುಂಬಿಕೊಡಿ’ ಎಂದು ಬಂದವರನ್ನೂ ನೋಡಬೇಕು. ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್, ಪಹಣಿ. ಜಾಲತಾಣ ಹೊಸ ರೂಪ ತಾಳಿದಾಗಲೆಲ್ಲ ಅವರು ಮತ್ತೆ ಮೊದಲಿನಿಂದ ಕಲಿಯಬೇಕು. ಈ ಮೇಲ್ವಿಚಾರಕರಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಮಾಡು ಎಂದರೆ ನಾನು ಏನೇನು ಸೇರಿಸುತ್ತೇನೆ ಎಂದು ಯೋಚಿಸಿದ್ದೇನೆ. ಇಪ್ಪತ್ತಮೂರು ಬೇಡ. ಕೆಲವೇ ಸಾಕು.

ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಇರುವ ಎರಡು ಮೂರು ದಾರಿಗಳನ್ನು ಒಮ್ಮೊಮ್ಮೆ ಪರೀಕ್ಷಿಸಿ, ಕೈಗೆ ಹೊಂದುವ ಒಂದನ್ನು ಇಟ್ಟುಕೊಳ್ಳುವುದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ನಿಮ್ಮ ಊರಿನ ಪುಟ ಇದೆಯೆ ನೋಡುವುದು. ಇದ್ದರೆ ಅದರಲ್ಲಿ ಒಂದು ತಪ್ಪು ಹುಡುಕಿ ತಿದ್ದುವುದು. ಊರ ಕೆರೆಯ, ಗುಡಿಯ, ವೀರಗಲ್ಲಿನ ಫೋಟೊ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವುದು. ವಿಕಿಸೋರ್ಸ್‌ನಲ್ಲಿ ಹಳೆಯ ಕನ್ನಡ ಪುಸ್ತಕದ ಒಂದೇ ಒಂದು ಪುಟದ ಕರಡು ತಿದ್ದುವುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ನಿಮ್ಮ ಗ್ರಂಥಾಲಯವನ್ನು ಗುರುತಿಸುವುದು. ಊರಿನ ಅಜ್ಜಿಯೊಬ್ಬರನ್ನು ಒಪ್ಪಿಸಿ, ಒಂದು ಸೋಬಾನೆ ಪದವನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮಕ್ಕಳಿಗೆ ಕೇಳಿಸುವುದು. ಪಕ್ಕದ ಪಂಚಾಯಿತಿಯ ಮೇಲ್ವಿಚಾರಕರಿಗೆ ಇವುಗಳಲ್ಲಿ ಒಂದನ್ನು ಹೇಳಿಕೊಡುವುದು.

ಇನ್ನೊಂದನ್ನು ಸೇರಿಸಲೇಬೇಕು. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆ 2007ರಲ್ಲಿ ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶ ಹೊರತಂದಿತು. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿ ಮಕ್ಕಳೇ ವಿಡಿಯೊ ಆಟ ಮಾಡಬಹುದು. ರಂಗನಾಥನ್ ಕಂಡ ಮೆಕ್ಯಾನೊಗೆ ಇದು ತಮ್ಮ. ಅರಿವು ಕೇಂದ್ರದ ಮೇಜಿನ ಮೇಲೆ ಮೊದಲು ಚೌಕಾಬಾರದ ಮನೆ ಬರೆಯಲಿ. ಕವಡೆ ಹಾಕಿ ಮಕ್ಕಳು ಆಡಲಿ. ಆಮೇಲೆ ಅದೇ ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಲಿ. ಎಷ್ಟು ಕವಡೆ ಅಂಗಾತ ಬಿದ್ದರೆ ಎಷ್ಟು ಮನೆ, ಕಾಯಿ ಯಾವ ದಿಕ್ಕಿಗೆ ನಡೆಯಬೇಕು, ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯಬಹುದೆ? ಇದನ್ನು ಕಂಪ್ಯೂಟರಿಗೆ ಹೇಳಿಕೊಡಬೇಕಾದರೆ ಮಕ್ಕಳು ಮೊದಲು ಊರಿನ ಹಿರಿಯರ ಹತ್ತಿರ ನಿಯಮ ಕೇಳಿ ಬರೆದುಕೊಳ್ಳಬೇಕು. ಮೇಲ್ವಿಚಾರಕರಿಗೆ ಸ್ಕ್ರ್ಯಾಚ್ ಬಾರದಿದ್ದರೂ ಅಡ್ಡಿಯಿಲ್ಲ. ಮಕ್ಕಳ ಜೊತೆ ಕೂತು ಅವರೂ ಕಲಿಯಲಿ.

ಇದಕ್ಕೆ ಹೊಸ ಕಟ್ಟಡ ಬೇಡ. ಇರುವ ಕಂಪ್ಯೂಟರ್ ಸಾಕು. ಬೇಕಾದದ್ದು ವಾರಕ್ಕೆ ಎರಡು ಗಂಟೆ. ಅದು ಮೇಲ್ವಿಚಾರಕರ ಕೆಲಸದ ವೇಳೆಯಲ್ಲೇ ಸಿಗಬೇಕು, ಮನೆಗೆ ಹೋದ ಮೇಲಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡು ಗಂಟೆಯ ಎದುರು ‘ಕಲಿಕೆ’ ಎಂದು ಬರೆಯಲು ಇಲಾಖೆ ಒಂದು ಸಾಲಿನ ಆದೇಶ ಕೊಡಲಿ. ಪಂಚಾಯಿತಿಯ ಸದಸ್ಯರು, ಅಭಿವೃದ್ಧಿ ಅಧಿಕಾರಿಗಳು ಈ ಮಾತನ್ನು ಕೇಳುತ್ತಿದ್ದರೆ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ ಎಂದು ಕೇಳಿಕೊಳ್ಳುತ್ತೇನೆ.